ಓದುಗರ ಪ್ರಶ್ನೆ: ವಾಯುದಾಳಿಯಲ್ಲಿ ಸತ್ತವರ ಹೆಸರು ಬರೆದಿಡುವವರು ಯಾರು?

ಪ್ರಶ್ನೆ: ಪಶ್ಚಿಮ ಏಷ್ಯಾದಲ್ಲಿ ಎಲ್ಲಿ ಬಾಂಬು ಬಿದ್ದರೂ ನಮ್ಮ ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಆ ರಾತ್ರಿ ನಿದ್ದೆ ಇರುವುದಿಲ್ಲ, ಮಗನೋ ಅಳಿಯನೋ ಆ ಕಡೆ ದುಡಿಯುತ್ತಿರುತ್ತಾನೆ. ಟಿವಿ ಹಾಕಿದರೆ ಒಂದು ವಾಹಿನಿ ನಲವತ್ತು ಸಾವು ಎನ್ನುತ್ತದೆ, ಇನ್ನೊಂದು ನೂರು ಎನ್ನುತ್ತದೆ, ದಾಳಿ ಮಾಡಿದ ಸೇನೆ ನಾಗರಿಕರು ಯಾರೂ ಸತ್ತಿಲ್ಲ ಎನ್ನುತ್ತದೆ. ಯಾವುದನ್ನು ನಂಬಬೇಕು? ನಿಜಕ್ಕೂ ಎಣಿಸುವವರು ಯಾರಾದರೂ ಇದ್ದಾರೆಯೇ?
– ನಿವೃತ್ತ ಅಧ್ಯಾಪಕ, ಬದಿಯಡ್ಕ

ಉತ್ತರ: ಮಾನ್ಯ ಅಧ್ಯಾಪಕರೇ, ಎಣಿಸುವವರು ಇದ್ದಾರೆ, ಆದರೆ ಮೊದಲ ದಿನದ ವಾರ್ತೆಯಲ್ಲಿ ನೀವು ಕೇಳುವ ಸಂಖ್ಯೆ ಸಾಮಾನ್ಯವಾಗಿ ಅವರದ್ದಲ್ಲ. ಅದು ಆಸ್ಪತ್ರೆಯ ವೈದ್ಯರೊಬ್ಬರೋ ರಕ್ಷಣಾ ಕಾರ್ಯಕರ್ತರೊಬ್ಬರೋ ಸ್ಥಳೀಯ ಆಡಳಿತದ ವಕ್ತಾರರೋ ಅವಸರದಲ್ಲಿ ಹೇಳಿದ್ದು. ಕುಸಿದ ಕಟ್ಟಡದ ಅಡಿಯಲ್ಲಿ ಇನ್ನೂ ಎಷ್ಟು ಮಂದಿ ಇದ್ದಾರೆಂಬುದು ಆ ಹೊತ್ತಿಗೆ ಅವರಿಗೂ ತಿಳಿದಿರುವುದಿಲ್ಲ.

ನಿಜವಾದ ದಾಖಲಾತಿ ಆ ಗದ್ದಲ ಅಡಗಿದ ಮೇಲೆ ಆರಂಭವಾಗುತ್ತದೆ. ಇರಾಕ್ ಯುದ್ಧ ಶುರುವಾದ 2003ರಲ್ಲಿಯೇ ಬ್ರಿಟನ್ನಿನಲ್ಲಿ ಹುಟ್ಟಿದ ‘ಇರಾಕ್ ಬಾಡಿ ಕೌಂಟ್’, 2014ರಲ್ಲಿ ಪತ್ರಕರ್ತ ಕ್ರಿಸ್ ವುಡ್ಸ್ ಕಟ್ಟಿದ ‘ಏರ್‌ವಾರ್ಸ್’ ಮೊದಲಾದ ಗುಂಪುಗಳು ಒಟ್ಟು ಮೊತ್ತದಿಂದ ಹೊರಡುವುದಿಲ್ಲ, ಒಂದೊಂದು ಘಟನೆಯಿಂದ ಹೊರಡುತ್ತವೆ. ದಿನಾಂಕ, ಹೊತ್ತು, ಊರು, ಬೀದಿ. ಸತ್ತವರ ಹೆಸರು, ತಂದೆಯ ಹೆಸರು, ವಯಸ್ಸು. ಹಾಗೆಂದು ಹೇಳಿದವರು ಯಾರು, ಅವರು ಕಣ್ಣಾರೆ ಕಂಡವರೇ ಅಥವಾ ಕೇಳಿ ಹೇಳಿದವರೇ ಎಂಬುದನ್ನೆಲ್ಲ ಒಂದು ಘಟನೆಗೆ ಒಂದು ಕಡತ ಎಂಬಂತೆ ಸೇರಿಸುತ್ತಾರೆ. ಏರ್‌ವಾರ್ಸ್ ತನ್ನ ಪ್ರತಿ ಘಟನೆಗೂ ಕನಿಷ್ಠ ಮತ್ತು ಗರಿಷ್ಠ ಎಂದು ಎರಡು ಸಂಖ್ಯೆ ಕೊಡುತ್ತದೆ. ಪುರಾವೆ ಗಟ್ಟಿಯೋ ದುರ್ಬಲವೋ ಅಥವಾ ವಿವಾದಿತವೋ ಎಂಬ ದರ್ಜೆಯನ್ನೂ ಸೂಚಿಸುತ್ತದೆ. ಒಬ್ಬರೇ ವ್ಯಕ್ತಿ ಎರಡು ಕಾಗುಣಿತದಲ್ಲಿ ಎರಡು ಪಟ್ಟಿಗೆ ಸೇರಿ ಇಬ್ಬರಾಗಿಬಿಡುವುದು ಈ ಕೆಲಸದ ನಿತ್ಯದ ಅಪಾಯ. ಆದ್ದರಿಂದಲೇ ತಂದೆ, ಅಜ್ಜನ ಹೆಸರುಗಳ ಮೇಲೆ ಅಷ್ಟು ಒತ್ತು.

ಸೇನೆಯ ಬಳಿ ಉಪಗ್ರಹವಿದೆ, ಡ್ರೋನಿದೆ, ಹಾಗಾಗಿ ಅದರ ಲೆಕ್ಕವೇ ಹೆಚ್ಚು ನಿಖರ ಎಂದು ಅನೇಕರು ಭಾವಿಸುತ್ತಾರೆ. ನಾನು ಒಪ್ಪುವುದಿಲ್ಲ. ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಸೂರು ಕಾಣಿಸುತ್ತದೆ, ಸೂರಿನಡಿಯಲ್ಲಿ ಅಡಗಿ ಕುಳಿತವರು ಕಾಣಿಸುವುದಿಲ್ಲ. 2017ರ ಮಾರ್ಚ್ 17ರಂದು ಇರಾಕಿನ ಮೊಸುಲ್ ನಗರದಲ್ಲಿ ಮಾಳಿಗೆಯ ಮೇಲಿದ್ದ ಇಬ್ಬರು ಬಂದೂಕುಧಾರಿಗಳನ್ನು ಗುರಿಯಾಗಿಸಿ ಅಮೆರಿಕ ಒಂದು ಬಾಂಬು ಹಾಕಿತು. ಕಟ್ಟಡ ಕುಸಿಯಿತು, ಅದರೊಳಗೆ ಆಶ್ರಯ ಪಡೆದಿದ್ದ ಕುಟುಂಬಗಳು ಮಣ್ಣಾದವು. ಕನಿಷ್ಠ 105 ನಾಗರಿಕರು ಸತ್ತರೆಂದು ಅಮೆರಿಕದ ಸೇನೆಯ ತನಿಖೆಯೇ ಆಮೇಲೆ ಹೇಳಿತು. ಒಳಗೆ ಉಗ್ರರು ಇಟ್ಟಿದ್ದ ಸ್ಫೋಟಕಗಳು ಸಿಡಿದದ್ದೇ ಕುಸಿತಕ್ಕೆ ಕಾರಣವೆಂದೂ ಹೇಳಿತು, ಆ ಮಾತನ್ನು ಸ್ಥಳೀಯರು ಒಪ್ಪಲಿಲ್ಲ. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಅಮೆರಿಕದ ಡ್ರೋನ್ ದಾಳಿಗೆ ಏಳು ಮಕ್ಕಳೂ ಸೇರಿ 10 ಮಂದಿ ಬಲಿಯಾದಾಗ, ಗುರಿಯಾಗಿದ್ದ ಕಾರಿನ ಚಾಲಕ ಉಗ್ರನೆಂದೇ ಮೊದಲು ಸಾರಲಾಯಿತು. ಪತ್ರಕರ್ತರು ಆ ಮನೆಗೆ ಹೋದರು, ನೆರೆಯವರನ್ನು ಮಾತನಾಡಿಸಿದರು, ಆತ ಕೆಲಸ ಮಾಡುತ್ತಿದ್ದ ಕಚೇರಿಯ ಸಿಸಿಟಿವಿ ದೃಶ್ಯದಲ್ಲಿ ಸೇನೆ ಸ್ಫೋಟಕವೆಂದು ಶಂಕಿಸಿದ್ದ ಕ್ಯಾನುಗಳಿಗೆ ಆತ ನೀರು ತುಂಬಿಸಿಕೊಳ್ಳುವುದನ್ನು ಕಂಡರು. ಸೆಪ್ಟೆಂಬರ್ 17ರಂದು ಅಮೆರಿಕದ ರಕ್ಷಣಾ ಇಲಾಖೆಯಾದ ಪೆಂಟಗನ್ ತನ್ನ ತಪ್ಪನ್ನು ಒಪ್ಪಿಕೊಂಡಿತು. ಪತ್ರಕರ್ತರಾದ ಅಜ್ಮತ್ ಖಾನ್ ಮತ್ತು ಆನಂದ್ ಗೋಪಾಲ್ ಉತ್ತರ ಇರಾಕಿನಲ್ಲಿ ಬಾಂಬು ಬಿದ್ದ ಸ್ಥಳಗಳಿಗೆ ಸ್ವತಃ ಹೋಗಿ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರು ಗುರುತಿಸಿದ ಪ್ರತಿ ಐದು ದಾಳಿಗಳಲ್ಲಿ ಒಂದರಲ್ಲಿ ನಾಗರಿಕರು ಸತ್ತಿದ್ದರು. ಅಮೆರಿಕದ ನೇತೃತ್ವದ ಮಿತ್ರಸೇನೆ ಒಪ್ಪಿಕೊಂಡಿದ್ದ ಪ್ರಮಾಣಕ್ಕಿಂತ ಇದು 31 ಪಟ್ಟು ಹೆಚ್ಚು.

ಹಾಗೆಂದು ಹೆಚ್ಚು ಹೇಳಿದವರೆಲ್ಲ ಸತ್ಯವಂತರು ಎಂದಲ್ಲ. 1945ರ ಫೆಬ್ರವರಿಯಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರ ಬಾಂಬಿಗೆ ಉರಿದಾಗ, ಪೊಲೀಸ್ ವರದಿಯಲ್ಲಿದ್ದ 20,204 ಎಂಬ ಅಂಕಿಯ ಕೊನೆಗೆ ನಾಜಿ ಪ್ರಚಾರಕರು ಸೊನ್ನೆ ಸೇರಿಸಿ ಎರಡು ಲಕ್ಷ ದಾಟಿಸಿದರು. ಆ ಸುಳ್ಳು ದಶಕಗಳ ಕಾಲ ಓಡಾಡಿತು. ಇತಿಹಾಸಕಾರರ ಆಯೋಗವೊಂದು ವರ್ಷಗಟ್ಟಲೆ ದಾಖಲೆ ಶೋಧಿಸಿ, ಸಾವುಗಳು ಹೆಚ್ಚೆಂದರೆ 25,000 ಎಂದು 2010ರಲ್ಲಿ ತೀರ್ಮಾನಿಸಿತು. ಇಪ್ಪತ್ತೈದು ಸಾವಿರ ಸಾವೇನೂ ಸಣ್ಣದಲ್ಲ. ಆದರೆ ಉತ್ಪ್ರೇಕ್ಷೆ ಬಯಲಾದ ದಿನ ನಿಜವಾಗಿ ಸತ್ತವರನ್ನೂ ಜನ ಸಂಶಯದಿಂದ ನೋಡತೊಡಗುತ್ತಾರೆ, ಮತ್ತು ಕೊಂದವರಿಗೆ ಅದಕ್ಕಿಂತ ದೊಡ್ಡ ಅನುಕೂಲ ಬೇರಿಲ್ಲ.

ಹೆಸರು ಸಿಕ್ಕವರ ಪಟ್ಟಿಯೂ ಒಟ್ಟು ಸಾವಿನ ಅಂದಾಜೂ ಬೇರೆ ಬೇರೆ ಎಂಬುದನ್ನು ಓದುಗರು ಗಮನಿಸಬೇಕು. ಸಿರಿಯಾದ ಯುದ್ಧದ ಮೊದಲ ಹತ್ತು ವರ್ಷಗಳಲ್ಲಿ, ವಾಯುದಾಳಿಯೂ ಸೇರಿ ಎಲ್ಲ ಕಾರಣಗಳಿಂದ, 3,06,887 ನಾಗರಿಕರು ಸತ್ತರೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2022ರಲ್ಲಿ ಹೇಳಿತು. ಇದರಲ್ಲಿ ಪೂರ್ಣ ಹೆಸರು, ದಿನಾಂಕ, ಸ್ಥಳಗಳೊಂದಿಗೆ ದಾಖಲಾದವರು 1,43,350 ಮಂದಿ. ಉಳಿದದ್ದು ಸಂಖ್ಯಾಶಾಸ್ತ್ರದ ಅಂದಾಜು. ಹೀಗೆ ಅಂದಾಜು ಮಾಡಲು, ಬೇರೆ ಬೇರೆಯವರು ಸ್ವತಂತ್ರವಾಗಿ ಮಾಡಿದ ಪಟ್ಟಿಗಳನ್ನು ಪಕ್ಕದಲ್ಲಿಟ್ಟು ನೋಡುತ್ತಾರೆ: ಒಂದರಲ್ಲಿರುವ ಹೆಸರುಗಳೇ ಮತ್ತೊಂದರಲ್ಲೂ ಬಹುಪಾಲು ಸಿಕ್ಕಿದರೆ ಬಿಟ್ಟುಹೋದವರು ಕಡಿಮೆ, ಅಪರೂಪಕ್ಕೆ ಸಿಕ್ಕಿದರೆ ಯಾವ ಪಟ್ಟಿಗೂ ಸೇರದೆ ಹೋದವರು ಬಹಳ. ಇಂಥ ಅಂದಾಜನ್ನು ಅಂದಾಜೆಂದು ಹೇಳಿಯೇ ಕೊಡುವವರನ್ನು ನಾನು ನಂಬುತ್ತೇನೆ.

ಹೀಗೆ ಹೆಸರು ಬರೆದಿಡುವುದರ ಬೆಲೆಯನ್ನು ನಿಮ್ಮ ಕಡೆಯವರಿಗೆ ನಾನು ವಿವರಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ, ಎಣ್ಮಕಜೆಯ ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡ ಅಸಹಜ ಕಾಯಿಲೆಗಳನ್ನು ಗಮನಿಸಿ ಬರೆಯದೆ ಹೋಗಿದ್ದರೆ ಆ ನೋವು ಹೊರಲೋಕಕ್ಕೆ ತಿಳಿಯುವುದು ಇನ್ನೂ ಎಷ್ಟು ತಡವಾಗುತ್ತಿತ್ತು! ಸಂತ್ರಸ್ತರ ಪಟ್ಟಿಯಲ್ಲಿ ಮಗುವಿನ ಹೆಸರು ಇದೆಯೋ ಇಲ್ಲವೋ ಎಂಬುದರ ಮೇಲೆಯೇ ಪರಿಹಾರವೂ ಚಿಕಿತ್ಸೆಯೂ ನಿಂತದ್ದನ್ನು ನೀವು ಹತ್ತಿರದಿಂದ ಕಂಡವರು. ಬಾಂಬಿನಲ್ಲಿ ಮನೆಯವರನ್ನು ಕಳೆದುಕೊಂಡವರೂ ಅದೇ ಪಟ್ಟಿಯ ಮುಂದೆ ನಿಂತಿದ್ದಾರೆ. ತಮ್ಮವರಿಗೆ ಏನಾಯಿತೆಂದು ತಿಳಿಯುವ ಹಕ್ಕು ಕುಟುಂಬಗಳಿಗಿದೆ ಎಂದು ಯುದ್ಧದ ನಿಯಮಗಳಾದ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೋಕಾಲಿನ (ಪೂರಕ ಒಪ್ಪಂದದ) 32ನೇ ವಿಧಿ ಹೇಳುತ್ತದೆ. ಆ ಪ್ರೋಟೋಕಾಲಿಗೆ ನಮ್ಮ ದೇಶ ಇನ್ನೂ ಸೇರಿಲ್ಲವೆಂಬುದು ನನಗೆ ಬೇಸರದ ವಿಷಯ.

ಪ್ರಶ್ನೆ: ಯೆಮೆನಿನಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ 2015ರಲ್ಲಿ ಅಲ್ಲಿ ಬಾಂಬು ದಾಳಿ ಶುರುವಾದಾಗ ಸರಕಾರದ ನೆರವಿನಿಂದ ಊರಿಗೆ ಮರಳಿದರು. ಅವರ ಹಳೆಯ ಫೋನಿನಲ್ಲಿ ಕುಸಿದ ಮನೆಗಳ ಚಿತ್ರಗಳೂ ವಿಡಿಯೋಗಳೂ ಇವೆ. ಅವನ್ನು ವಾಟ್ಸಾಪಿನಲ್ಲಿ ಹಂಚಬಹುದೇ?
– ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ದಯವಿಟ್ಟು ಹಂಚಬೇಡಿ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದಾಗ ಅದು ಕುಗ್ಗುತ್ತದೆ, ತೆಗೆದ ಹೊತ್ತು, ಸ್ಥಳ ಮೊದಲಾಗಿ ಕಡತದೊಳಗಿರುವ ಮಾಹಿತಿಯೂ ಅಳಿಸಿಹೋಗುತ್ತದೆ. ಸತ್ತವರ ಮುಖ ಕಾಣುವ ಚಿತ್ರ ಅವರ ಮನೆಯವರಿಗಿಂತ ಮೊದಲು ಅಪರಿಚಿತರ ಕೈ ಸೇರುವುದೂ ಸಲ್ಲದು. ಯೂಟ್ಯೂಬಿಗೆ ಹಾಕಿಬಿಟ್ಟರೆ ಸುರಕ್ಷಿತ ಎಂದೂ ತಿಳಿಯಬೇಡಿ. 2017ರಲ್ಲಿ ಅದರ ಸ್ವಯಂಚಾಲಿತ ವ್ಯವಸ್ಥೆ ಸಿರಿಯಾ ಯುದ್ಧದ ಅಸಂಖ್ಯ ವಿಡಿಯೋಗಳನ್ನು ತೆಗೆದುಹಾಕಿತು, ಅವುಗಳಲ್ಲಿ ಅಪರಾಧದ ಪುರಾವೆಗಳೂ ಇದ್ದವು.

ಫೋನನ್ನು ಹಾಗೆಯೇ ಇರಿಸಿ, ಕೇಬಲಿನ ಮೂಲಕ ಎಲ್ಲ ಕಡತಗಳನ್ನು ಹೆಸರು ಬದಲಿಸದೆ, ಕತ್ತರಿಸದೆ ಎರಡು ಕಡೆ ನಕಲಿಸಿಕೊಳ್ಳಿ. ಮಸುಕಾದ ಚಿತ್ರವನ್ನೂ ಬಿಡಬೇಡಿ: ಮೂಲೆಯಲ್ಲಿ ಕಾಣುವ ಒಂದು ಮಿನಾರು, ನೀರಿನ ಟ್ಯಾಂಕು, ಹಿಂದಿನ ಬೆಟ್ಟದ ಸಾಲು, ಗೋಡೆಯ ನೆರಳಿನ ದಿಕ್ಕು ಇವುಗಳನ್ನು ಉಪಗ್ರಹ ಚಿತ್ರದೊಂದಿಗೆ ಹೋಲಿಸಿಯೇ ಪರಿಣತರು ಬೀದಿಯನ್ನೂ ಹೊತ್ತನ್ನೂ ಗುರುತಿಸುವುದು. ಇಂಥ ಸಾಕ್ಷ್ಯವನ್ನು ಕಾಪಾಡುವ ಕ್ರಮವನ್ನು ವಿಶ್ವಸಂಸ್ಥೆಯೂ ಬರ್ಕ್ಲಿ ವಿಶ್ವವಿದ್ಯಾಲಯವೂ ಸೇರಿ 2020ರಲ್ಲಿ ‘ಬರ್ಕ್ಲಿ ಪ್ರೋಟೋಕಾಲ್’ ಎಂಬ ಹೆಸರಿನಲ್ಲಿ ಪ್ರಕಟಿಸಿವೆ. ಯೆಮೆನಿನದೇ ಆದ ‘ಮ್ವಾತನಾ’ ಎಂಬ ಮಾನವ ಹಕ್ಕು ಸಂಸ್ಥೆ ಅಲ್ಲಿನ ದಾಳಿಗಳ ದಾಖಲಾತಿಯಲ್ಲಿ ತೊಡಗಿದೆ. ಮಾವನವರು ಒಪ್ಪಿದರೆ ಮಾತ್ರ ಅಂಥವರನ್ನು ಸಂಪರ್ಕಿಸಿ. ಇಂದಿಗೂ ಅಲ್ಲೇ ಬದುಕುತ್ತಿರುವ ನೆರೆಹೊರೆಯವರ ಗುರುತು ಅದರಲ್ಲಿದ್ದರೆ ಅವರ ಪ್ರಾಣದ ಪ್ರಶ್ನೆಯೂ ಇದೆ.

ಅದಕ್ಕೂ ಮೊದಲು ಮಾವನವರನ್ನು ಕುಳ್ಳಿರಿಸಿಕೊಂಡು, ಅವರಾಡುವ ಮಾತಿನಲ್ಲೇ, ತುಳುವಾದರೆ ತುಳುವಿನಲ್ಲೇ, ಅವರು ಕಂಡದ್ದನ್ನು ಒಂದು ಕಡೆ, ಇತರರಿಂದ ಕೇಳಿದ್ದನ್ನು ಇನ್ನೊಂದು ಕಡೆ ಬರೆದುಕೊಳ್ಳಿ. ದಿನಾಂಕ ನೆನಪಿಲ್ಲವೆಂದರೆ ನೀವು ಊಹಿಸಿ ತುಂಬಬೇಡಿ. ಅವರು ಹೊರಟ ದಿನದ ಮುದ್ರೆ ಹಳೆಯ ಪಾಸ್‌ಪೋರ್ಟಿನಲ್ಲಿ ಇದೆಯೇ ನೋಡಿ. ಇದ್ದರೆ, ಆ ಮನೆ ಬಿದ್ದದ್ದು ಅದಕ್ಕಿಂತ ಎಷ್ಟು ದಿನ ಮೊದಲು ಎಂದು ಕೇಳಿ.