ಮೊದಲು ತಕ್ಕಡಿ, ಆಮೇಲೆ ಕಾರ್ಖಾನೆ

(ಸುಳ್ಯ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರಕ್ಕೆ ಸಂಪಾದಕರ ಉತ್ತರ. ಹೆಸರು ಪ್ರಕಟಿಸಬಾರದೆಂದು ಅವರು ಕೋರಿದ್ದಾರೆ. ಪತ್ರದ ಸಾರ ಇಷ್ಟು: ಹಳದಿ ರೋಗದಿಂದ ಗ್ರಾಮದ ಅಡಿಕೆ ತೋಟಗಳು ಒಂದೊಂದಾಗಿ ಸಾಯುತ್ತಿವೆ. ಕೊನೆ (ಅಡಿಕೆಯ ಗೊಂಚಲು) ತೆಗೆಯಲು, ಔಷಧ ಬಿಡಲು ಜನ ಸಿಗುತ್ತಿಲ್ಲ. ಶಾಲೆಗೆ ಮಕ್ಕಳಿಲ್ಲ. ಊರಿನ ಕೆಲವರು ಸೇರಿ ಹೊಸ ಸಂಘ ಕಟ್ಟಿ, ಬೆಂಗಳೂರು, ಮುಂಬಯಿ, ದುಬೈಗಳಲ್ಲಿರುವ ಊರವರಿಂದ ದೇಣಿಗೆ ಎತ್ತಿ, ಅಡಿಕೆ ಮರದ ಹಾಳೆಯಿಂದ ತಟ್ಟೆ ಮಾಡುವ ಕಾರ್ಖಾನೆ ಹಾಕಲು ಹೊರಟಿದ್ದಾರೆ. "ನಿಮ್ಮ ಪತ್ರಿಕೆಯಲ್ಲಿ ಗೆದ್ದವರ ಕಥೆಗಳೇ ಬರುತ್ತವೆ. ನಿಜ ಹೇಳಿ, ಸಂಘ ಕಟ್ಟಿದರೆ ಊರು ಉಳಿಯುತ್ತದೆಯೇ? ಬೆಂಗಳೂರಿನಲ್ಲಿರುವ ಮಗ ಊರಿಗೆ ಬರುತ್ತೇನೆ ಎನ್ನುತ್ತಿದ್ದಾನೆ. ಬಾ ಎನ್ನಲೇ, ಬೇಡ ಎನ್ನಲೇ?")

ಮಾನ್ಯರೇ,

ಉಳಿಯುತ್ತದೆ ಎಂದೇ ನಾನು ನಂಬಿದ್ದೇನೆ. ಆದರೆ ನೀವು ಹೊರಟಿರುವ ದಾರಿಯಲ್ಲಿ ಅಲ್ಲ. ಕಾರ್ಖಾನೆಯಿಂದ ಆರಂಭಿಸಿದ ಊರುಗಳು ಸಾಲದಲ್ಲಿ ಮುಗಿದದ್ದೇ ಹೆಚ್ಚು. ಖರೀದಿಯಿಂದ ಆರಂಭಿಸಿದವು ಬಹುಮಟ್ಟಿಗೆ ನಿಂತಿವೆ. ಇದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಿಮ್ಮ ಪಕ್ಕದ ಪುತ್ತೂರಿನಲ್ಲೇ ಇದೆ.

1970-71ರಲ್ಲಿ ಅಡಿಕೆಯ ಬೆಲೆ ಕುಸಿದು ಬಿದ್ದದ್ದನ್ನು ನಿಮ್ಮ ಮನೆಯ ಹಿರಿಯರು ಖಂಡಿತ ಹೇಳಿರುತ್ತಾರೆ. ಆಗ ಬೆಳೆಗಾರನಿಗೆ ತನ್ನ ಮಾಲಿಗೆ ನಿಜವಾಗಿ ಎಷ್ಟು ಸಿಗಬೇಕು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಗುಜರಾತಿನಲ್ಲೋ ಕಾನ್ಪುರದಲ್ಲೋ ಏನು ಧಾರಣೆ ನಡೆಯುತ್ತಿದೆ ಎಂಬುದು ವ್ಯಾಪಾರಿಗೆ ಮಾತ್ರ ಗೊತ್ತು. ಅಂಗಳದಲ್ಲಿ ನಲವತ್ತು ದಿನ ಒಣಗಿಸಿ, ಸುಲಿದು, ಹೆಕ್ಕಿ, ಗೋಣಿ ಕಟ್ಟಿದವನು ಅಂಗಡಿಯ ಮುಂದೆ ನಿಂತು "ಇವತ್ತು ಎಷ್ಟು ಕೊಡುತ್ತೀರಿ" ಎಂದು ಕೇಳಬೇಕಾಗಿತ್ತು. ಅಡ್ಯನಡ್ಕದ ಕೃಷಿಕ ವಾರಣಾಶಿ ಸುಬ್ರಾಯ ಭಟ್ಟರು ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಒಟ್ಟುಗೂಡಿಸಿ, 1973ರ ಜುಲೈಯಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಎಂಬ ಬೆಳೆಗಾರರ ಸಹಕಾರ ಸಂಸ್ಥೆ ಕಟ್ಟಿದ್ದು ಈ ಪ್ರಶ್ನೆಯನ್ನು ತಿರುಗಿಸುವುದಕ್ಕಾಗಿ. ಆ ಸಂಸ್ಥೆ ಮೊದಲು ಕಟ್ಟಡ ಕಟ್ಟಲಿಲ್ಲ, ಯಂತ್ರ ತರಿಸಲಿಲ್ಲ. ಬೆಳೆಗಾರರ ನಡುವೆ ಖರೀದಿ ಕೇಂದ್ರ ತೆರೆದು, ಮಾಲು ತೂಗಿ, ದರ್ಜೆ ನೋಡಿ, ಹಣ ಕೊಟ್ಟು, ಆ ಅಡಿಕೆಯನ್ನು ಉತ್ತರ ಭಾರತದ ಮಾರುಕಟ್ಟೆಗಳಿಗೆ ತಾನೇ ಒಯ್ದು ಮಾರಿತು.

ಇಲ್ಲಿ ಒಂದು ಸಂಗತಿಯನ್ನು ಜನ ಸಾಮಾನ್ಯವಾಗಿ ಗಮನಿಸುವುದಿಲ್ಲ. ಕ್ಯಾಂಪ್ಕೋ ಊರಿನ ಎಲ್ಲ ಅಡಿಕೆಯನ್ನೂ ಎಂದೂ ಕೊಳ್ಳಲಿಲ್ಲ. ಕೊಳ್ಳುವ ಅಗತ್ಯವೂ ಇರಲಿಲ್ಲ. ಇವತ್ತಿನ ಧಾರಣೆ ಇಷ್ಟು ಎಂದು ಅದು ಪ್ರಕಟಿಸಿದರೆ ಸಾಕು, ಪಕ್ಕದ ಅಂಗಡಿಯ ವ್ಯಾಪಾರಿ ಅದಕ್ಕಿಂತ ತುಂಬ ಕೆಳಗೆ ಇಳಿಯಲಾರ. ಹೀಗಾಗಿ ಸಂಸ್ಥೆಗೆ ಒಂದು ಕಿಲೋ ಅಡಿಕೆಯನ್ನೂ ಕೊಡದ ಬೆಳೆಗಾರನಿಗೂ ಅದರ ಲಾಭ ಸಿಗುತ್ತದೆ. ಇದೇ ಅದರ ದೊಡ್ಡ ಸಾಧನೆ. ಅದರ ದೊಡ್ಡ ಸಂಕಟವೂ ಹೌದು. ಖಾಸಗಿಯವನು ಬಿಲ್ಲಿಲ್ಲದೆ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಟ್ಟ ದಿನ ಸದಸ್ಯರೇ ಅತ್ತ ಹೋಗುತ್ತಾರೆ. ಬೆಲೆ ಬಿದ್ದ ದಿನ ಗೋಣಿ ಹೊತ್ತು ಸಂಸ್ಥೆಯ ಬಾಗಿಲಿಗೇ ಬರುತ್ತಾರೆ. ನಿಮ್ಮ ಸಂಘಕ್ಕೆ ಹೆಸರಿಡುವ ಮುನ್ನ ನಿಮ್ಮೊಳಗೇ ಕೇಳಿಕೊಳ್ಳಿ: ಆ ಎರಡು ರೂಪಾಯಿಯನ್ನು ಬಿಡಲು ಎಷ್ಟು ಮನೆಗಳು ಸಿದ್ಧವಿವೆ? ಇಪ್ಪತ್ತು ಮನೆಗಳು ಸಿದ್ಧವಿದ್ದರೆ ಇನ್ನೂರು ಜನರ ಸಮಾವೇಶಕ್ಕಿಂತ ಅದು ಗಟ್ಟಿ.

ಈಗ ಕಾರ್ಖಾನೆಯ ವಿಷಯ. ಅಡಿಕೆಯ ಜೊತೆಗೆ ಉಪಬೆಳೆಯಾಗಿ ಕೊಕ್ಕೊ ನೆಡಲು 1970ರ ದಶಕದಲ್ಲಿ ನಿಮ್ಮ ಕಡೆ ಬಹಳ ಉತ್ತೇಜನ ಸಿಕ್ಕಿತ್ತು. 1980ರ ಹೊತ್ತಿಗೆ ಬೆಲೆ ಕುಸಿಯಿತು, ಖಾಸಗಿ ಖರೀದಿದಾರರು ಹಿಂದೆ ಸರಿದರು. ಹಸಿ ಬೀಜವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಕೊಳ್ಳುವವರಿಲ್ಲ. ಎಷ್ಟೋ ಮಂದಿ ಗಿಡಗಳನ್ನು ಕಡಿದು ಹಾಕಿದರು. ಆಗ ಕ್ಯಾಂಪ್ಕೋ ಕೊಕ್ಕೊ ಖರೀದಿಗೆ ಇಳಿಯಿತು. ಕೊಂಡದ್ದನ್ನು ಹುದುಗಿಸಿ ಒಣಗಿಸುವುದನ್ನು ಕಲಿಯಿತು, ಬೀಜವನ್ನು ರಫ್ತು ಮಾಡಿ ನೋಡಿತು. ಬೀಜ ಮಾರುವುದರಲ್ಲಿ ಹೆಚ್ಚು ಉಳಿಯುವುದಿಲ್ಲ ಎಂದು ಕಂಡುಕೊಂಡ ಮೇಲೆ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ಆರಂಭವಾಯಿತು. ಮೊದಲ ಅಡಿಕೆ ಖರೀದಿಗೂ ಕಾರ್ಖಾನೆಗೂ ನಡುವೆ ಹದಿಮೂರು ವರ್ಷ. ಆ ಹದಿಮೂರು ವರ್ಷಗಳಲ್ಲಿ ತೂಕ ಮಾಡುವವರು, ಲೆಕ್ಕ ಬರೆಯುವವರು, ದೂರದ ಊರಿನಲ್ಲಿ ಕುಳಿತು ವಸೂಲಿ ಮಾಡುವವರು ತಯಾರಾದರು. ಎಲ್ಲಕ್ಕಿಂತ ಮುಖ್ಯವಾಗಿ, ಕೊಟ್ಟ ಮಾಲಿಗೆ ಹಣ ಬರುತ್ತದೆ ಎಂಬ ನಂಬಿಕೆ ಬೆಳೆಗಾರರಲ್ಲಿ ಬೇರೂರಿತು. ಕಾರ್ಖಾನೆ ನಿಂತದ್ದು ಆ ನಂಬಿಕೆಯ ಮೇಲೆ. ಇಂದು ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಸಂಸ್ಥೆ ಅದು.

ಇನ್ನು ಕೊಕ್ಕೊ ಗಿಡ ಉಳಿಸಿಕೊಂಡವರ ಮಾತು. ಪಶ್ಚಿಮ ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟು, 2024ರಲ್ಲಿ ಜಾಗತಿಕ ಬೆಲೆ ಟನ್ನಿಗೆ 10,000 ಡಾಲರ್ ದಾಟಿದಾಗ ಅವರಿಗೆ ಕಂಡರಿಯದ ಧಾರಣೆ ಸಿಕ್ಕಿತು. ಆಮೇಲೆ ಬೆಲೆ ಇಳಿಯಿತು, ಅದು ಸಹಜ. ಏರಿದಾಗ ಕೈಗೆ ಸಿಗಬೇಕಾದರೆ ಇಳಿದಾಗಲೂ ಗಿಡ ಉಳಿದಿರಬೇಕು. ಇಳಿದಾಗ ಗಿಡ ಉಳಿಯಬೇಕಾದರೆ ಆಗಲೂ ಕೊಳ್ಳುವವನೊಬ್ಬ ಇರಬೇಕು. ನಿಮ್ಮ ಊರಿಗೆ ಬೇಕಾಗಿರುವುದು ಅಂಥ ಕೊಳ್ಳುವವನು.

ಹಾಳೆ ತಟ್ಟೆಯ ಯೋಜನೆಗೆ ನನ್ನ ವಿರೋಧವೂ ಇದೇ ಕಾರಣಕ್ಕೆ. ತಟ್ಟೆ ಒಳ್ಳೆಯ ವಸ್ತು. ಬಿದ್ದ ಹಾಳೆಯಿಂದ ದುಡ್ಡು ಬರುವುದು ಸಂತೋಷದ ವಿಷಯ, ಅನೇಕ ಮಹಿಳೆಯರಿಗೆ ಅದರಿಂದ ದುಡಿಮೆ ಸಿಕ್ಕಿದೆ. ಆದರೆ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆಗಳ ಆಮದಿಗೆ ತಡೆ ಒಡ್ಡಿದಾಗ ಏನಾಯಿತು ಎಂದು ಈಗಾಗಲೇ ಈ ಉದ್ಯಮದಲ್ಲಿರುವವರನ್ನು ಕೇಳಿ. ಒಂದು ದೇಶದ ಒಂದು ಆದೇಶಕ್ಕೆ ಯಂತ್ರಗಳು ನಿಲ್ಲುವಂಥ ಜಾಗದಲ್ಲಿ ಊರಿನ ಮೊದಲ ಹಣವನ್ನು ಹೂಡಬೇಡಿ. ಎರಡು ಯಂತ್ರ ಇಟ್ಟುಕೊಂಡು ಸುತ್ತಲಿನ ಮದುವೆ, ಜಾತ್ರೆ, ದೈವದ ನೇಮಗಳಿಗೆ ತಟ್ಟೆ ಕೊಡುವ ಮನೆಗಳು ಇದ್ದರೆ ಅವುಗಳಿಂದ ಕೊಂಡು ಮಾರುವ ಕೆಲಸವನ್ನು ಸಂಘ ಮಾಡಲಿ. ಬೇಡಿಕೆ ಕೈಗೆ ಸಿಕ್ಕಮೇಲೆ ಕಾರ್ಖಾನೆಯ ಮಾತು.

ಹೊಸ ಸಂಘವೇ ಏಕೆ ಎಂಬುದು ನನ್ನ ಇನ್ನೊಂದು ಪ್ರಶ್ನೆ. ನಿಮ್ಮ ಸೊಸೈಟಿ, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಆಗಲೇ ಇದೆ ಎಂದು ನೀವೇ ಬರೆದಿದ್ದೀರಿ. ಅದಕ್ಕೆ ಕಟ್ಟಡವಿದೆ, ಗೋದಾಮು ಇದೆ, ಸದಸ್ಯರಿದ್ದಾರೆ. ಈ ನೆಲಕ್ಕೆ ಸಹಕಾರ ಹೊಸದೂ ಅಲ್ಲ. ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಕುಳಿತು ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕನ್ನು ಕಟ್ಟಿದ್ದು 1914ರಲ್ಲಿ. ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಪತ್ತಿನ ಸಂಘ ಆರಂಭಿಸಿದ್ದು 1905ರಲ್ಲಿ. ಪುತ್ತೂರಿನ ಬ್ಯಾಂಕು ಬಂದದ್ದು ಅದಕ್ಕೆ ಒಂಬತ್ತು ವರ್ಷದ ಬಳಿಕ. ನೂರು ವರ್ಷದ ಮನೆ ಇರುವಾಗ ಪಕ್ಕದಲ್ಲಿ ಚಪ್ಪರ ಹಾಕುವುದೇಕೆ? ನಿಮ್ಮ ಸೊಸೈಟಿ ಬೆಳೆಸಾಲ ಕೊಟ್ಟು ವಸೂಲಿ ಮಾಡುವುದರಲ್ಲೇ ತೃಪ್ತವಾಗಿದೆ ಎಂದು ನೀವು ದೂರಿದ್ದೀರಿ. ದೂರು ಸರಿ ಇರಬಹುದು. ಆದರೆ ಸೆಪ್ಟೆಂಬರ್ ಹೊತ್ತಿಗೆ ನಡೆಯುವ ಮಹಾಸಭೆಗೆ ಹೋಗಿ, ಲೆಕ್ಕಪರಿಶೋಧನೆಯ ವರದಿ ಓದಿ, ಊಟಕ್ಕೆ ಮೊದಲೇ ಎದ್ದು ನಿಂತು ಪ್ರಶ್ನೆ ಕೇಳುವ ಹತ್ತು ಸದಸ್ಯರು ಇದ್ದರೆ ಯಾವ ಆಡಳಿತ ಮಂಡಳಿಯೂ ಹಾಗೆಯೇ ಉಳಿಯುವುದಿಲ್ಲ. ಸದಸ್ಯರು ಕಣ್ಣು ಮುಚ್ಚಿಕೊಂಡ ಕಡೆ ಸಹಕಾರ ಸಂಘಗಳು ಕೊಳೆತು, ಬಡವರ ಠೇವಣಿ ಮುಳುಗಿದ್ದನ್ನು ನಮ್ಮ ರಾಜ್ಯ ಮತ್ತೆ ಮತ್ತೆ ಕಂಡಿದೆ. ಆ ಭಯದಿಂದ ದೂರ ನಿಲ್ಲಬೇಡಿ. ಭಯವಿರುವುದರಿಂದಲೇ ಒಳಗೆ ಹೋಗಿ.

ಸೊಸೈಟಿಯಿಂದ ಮೊದಲು ಏನು ಕೇಳಬೇಕು? ನನ್ನನ್ನು ಕೇಳಿದರೆ ಅಡಮಾನ ಸಾಲ. ಹೊಸ ಅಡಿಕೆಗಿಂತ ಹಳೆ ಅಡಿಕೆಗೆ ಸಿಗುವ ಹೆಚ್ಚಿನ ಧಾರಣೆಯ ಅಂತರ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಅಂತರ ಯಾರ ಪಾಲಾಗುತ್ತದೆ? ದಾಸ್ತಾನು ಇಟ್ಟುಕೊಂಡು ಕಾಯಬಲ್ಲವನ ಪಾಲಾಗುತ್ತದೆ. ಅರ್ಧ ಎಕರೆಯವನು ಮಗಳ ಕಾಲೇಜು ಶುಲ್ಕಕ್ಕೋ ಆಸ್ಪತ್ರೆಗೋ ಅಂಗಳದಿಂದ ನೇರ ಅಂಗಡಿಗೆ ಒಯ್ಯುತ್ತಾನೆ. ಅವನ ಗೋಣಿಯನ್ನು ಸೊಸೈಟಿಯ ಗೋದಾಮಿನಲ್ಲಿ ಇಟ್ಟು, ಅದರ ಮೇಲೆ ಸಾಲ ಕೊಟ್ಟು, ಬೆಲೆ ಬಂದಾಗ ಮಾರಿ ಸಾಲ ಮುರಿದುಕೊಂಡು ಉಳಿದದ್ದನ್ನು ಕೊಟ್ಟರೆ ಕಾಯುವ ಶಕ್ತಿ ಅವನಿಗೂ ಬರುತ್ತದೆ. ಬೆಲೆ ಬೀಳುವ ಅಪಾಯ ಇದ್ದೇ ಇದೆ, ಆದ್ದರಿಂದ ಮಾಲಿನ ಬೆಲೆಯ ಒಂದು ಭಾಗಕ್ಕೆ ಮಾತ್ರ ಸಾಲ ಕೊಡಬೇಕು. ಹಲವು ಸೊಸೈಟಿಗಳಲ್ಲಿ ಇದು ನಡೆಯುತ್ತಿದೆ. ಉದ್ಘಾಟನೆ, ಶಾಲು, ಭಾಷಣಗಳಿಗೆ ಇದರಲ್ಲಿ ಅವಕಾಶ ಕಡಿಮೆ. ಆದರೆ ಊರಿನ ಹಣ ಊರಲ್ಲೇ ಉಳಿಯುವುದು ಇಂಥ ಕೆಲಸದಿಂದ.

ಪರವೂರಿನಲ್ಲಿರುವವರ ಹಣವನ್ನೂ ಹೀಗೆಯೇ ನೋಡಿ. ದೇಣಿಗೆ ಕೇಳಬೇಡಿ, ಠೇವಣಿ ಕೇಳಿ. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವರು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಸಂಸ್ಥೆಯೊಂದನ್ನು ಆರಂಭಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. ಸಂಕಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಬಂಡವಾಳ ಒದಗಿಸುವುದು ಅದರ ಮೊದಲ ಉದ್ದೇಶವಾಗಿತ್ತು. 1928ರಲ್ಲಿ ಪಿಗ್ಮಿ ಬಂತು. ಏಜೆಂಟರು ದಿನವೂ ಮನೆ, ಅಂಗಡಿಗಳ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸಂಗ್ರಹಿಸಿದರು. ಬಡ ಜಿಲ್ಲೆ ಎನಿಸಿಕೊಂಡ ಕಡೆ ಉಳಿತಾಯವಿದೆ, ಅದನ್ನು ಕೂಡಿಸುವವರಿಲ್ಲ ಅಷ್ಟೇ ಎಂಬುದನ್ನು ಅವರು ತೋರಿಸಿಕೊಟ್ಟರು. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ವಿಜಯಾ ಬ್ಯಾಂಕುಗಳು ಹುಟ್ಟಿದ್ದೂ ಇದೇ ಅವಿಭಜಿತ ಜಿಲ್ಲೆಯಲ್ಲಿ. ಸಿಂಡಿಕೇಟ್ 2020ರಲ್ಲಿ ಕೆನರಾದೊಳಗೆ ವಿಲೀನವಾಯಿತು. ವಿಜಯಾ, ಕಾರ್ಪೊರೇಷನ್ ಹೆಸರುಗಳೂ ಈಗಿಲ್ಲ. ಅದರ ನೋವು ನನಗಿದೆ. ಆದರೆ ದೇಣಿಗೆ ಕೊಟ್ಟವನು ಫಲಕದಲ್ಲಿ ಹೆಸರು ನೋಡಿ ಮರೆಯುತ್ತಾನೆ, ಠೇವಣಿ ಇಟ್ಟವನು ವರ್ಷಕ್ಕೊಮ್ಮೆ ಲೆಕ್ಕ ಕೇಳುತ್ತಾನೆ ಎಂಬುದು ಇಂದಿಗೂ ನಿಜ. ನಿಮಗೆ ಬೇಕಾದವರು ಲೆಕ್ಕ ಕೇಳುವವರು.

ಆ ನೇಕಾರರ ಕಥೆಗೂ ಮುಂದುವರಿಕೆ ಇದೆ. ಉಡುಪಿ ಸೀರೆಯ ಮಗ್ಗಗಳು ಒಂದೊಂದೇ ನಿಂತು, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಬೆರಳೆಣಿಕೆಯ ಹಿರಿಯರು ಮಾತ್ರ ಉಳಿದಿದ್ದರು. ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ 2016ರಲ್ಲಿ ಬಂದಿತ್ತು, ಆದರೆ ಮಾನ್ಯತೆಯಿಂದ ಮಗ್ಗ ನಡೆಯುವುದಿಲ್ಲ. ಮಗ್ಗಗಳು ಮತ್ತೆ ನಡೆದದ್ದು, ನೇಯ್ದ ಸೀರೆಗೆ ಕೊಳ್ಳುವವರನ್ನು ಹುಡುಕಿ, ನೇಕಾರರ ಕೂಲಿ ಏರಿಸಿ, ಹೊಸಬರಿಗೆ ತರಬೇತಿ ಕೊಡುವ ಜನ ಮುಂದೆ ಬಂದ ಮೇಲೆ.

ಹಳದಿ ರೋಗದ ಬಗ್ಗೆ ನಿಮಗೆ ಹಿತವಾದ ಮಾತು ಹೇಳಲಾರೆ. ಅದಕ್ಕೆ ಔಷಧವಿಲ್ಲ. ಸಂಪಾಜೆ, ಅರಂತೋಡಿನ ಬೆಳೆಗಾರರು ಇದನ್ನು ದಶಕಗಳಿಂದ ಅನುಭವಿಸಿದ್ದಾರೆ. ಸತ್ತ ತೋಟದಲ್ಲಿ ಮತ್ತೆ ಅಡಿಕೆಯನ್ನೇ ನೆಡುವುದು ಮಮತೆಯ ಕೆಲಸ, ಲೆಕ್ಕದ ಕೆಲಸವಲ್ಲ. ಅಡಿಕೆ ಈಗ ದಾವಣಗೆರೆ, ಚಿತ್ರದುರ್ಗ, ತುಮಕೂರಿನ ಬಯಲಿಗೂ ಹರಡಿದೆ. ಅಲ್ಲಿನ ಸಮತಟ್ಟು ತೋಟಗಳ ಖರ್ಚಿನೊಂದಿಗೆ ನಿಮ್ಮ ಗುಡ್ಡದ ಬದಿಯ ತೋಟ ಸ್ಪರ್ಧಿಸಲಾರದು. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರ್ಗೀಕರಿಸಿದೆ. ಬೆಳೆಗಾರರು ಅದನ್ನು ಒಪ್ಪದಿರಬಹುದು. ಆದರೆ ಮೊಮ್ಮಕ್ಕಳ ಬದುಕನ್ನು ಆ ಒಂದು ಬೆಳೆಗೆ ಕಟ್ಟಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಕೊಕ್ಕೊ, ಕಾಳುಮೆಣಸು, ಜಾಯಿಕಾಯಿ, ಕಾಫಿ, ರಬ್ಬರ್ ಎಲ್ಲವೂ ನಿಮ್ಮ ಕಡೆ ಬೆಳೆಯುತ್ತವೆ. ಒಂದೊಂದು ಮನೆಯಲ್ಲಿ ಐದೈದು ಕಿಲೋ ಜಾಯಿಕಾಯಿ ಇದ್ದರೆ ವ್ಯಾಪಾರಿ ಹೇಳಿದ್ದೇ ಬೆಲೆ. ನಲವತ್ತು ಮನೆಯದು ಒಂದೇ ಗೋದಾಮಿಗೆ ಬಂದರೆ ಕೊಳ್ಳುವವನೇ ಅಲ್ಲಿಗೆ ಬರುತ್ತಾನೆ.

ಕೆಲಸಗಾರರ ಕೊರತೆಗೂ ಇದೇ ದಾರಿ. ನೆಲದಲ್ಲಿ ನಿಂತೇ ಕೊನೆ ತೆಗೆಯುವ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಬಂದಿದೆ, ತರಬೇತಿಯೂ ಸಿಗುತ್ತಿದೆ. ದೋಟಿಗೆ ಬೆಲೆ ಹೆಚ್ಚು, ಒಬ್ಬೊಬ್ಬರಿಗೆ ಅದು ಭಾರ. ಸೊಸೈಟಿ ನಾಲ್ಕು ದೋಟಿ ಕೊಂಡು, ಆರು ಯುವಕರಿಗೆ ಕಲಿಸಿ, ವಿಮೆ ಮಾಡಿಸಿ, ಸರದಿಯ ಮೇಲೆ ತೋಟಗಳಿಗೆ ಕಳುಹಿಸಿದರೆ ಅವರಿಗೆ ಮಳೆಗಾಲದಲ್ಲೂ ಕೊಯ್ಲಿನಲ್ಲೂ ಖಚಿತ ದುಡಿಮೆ ಇರುತ್ತದೆ.

ಕೊನೆಗೆ ನಿಮ್ಮ ಮಗ. ಬಾ ಎನ್ನಿ. ಆದರೆ ತಂದೆಯ ತೋಟ ನೋಡಿಕೊಳ್ಳಲು ಮಾತ್ರ ಕರೆಯಬೇಡಿ. ಹಳದಿ ಬಿದ್ದ ತೋಟ ಅವನ ಸಂಸಾರವನ್ನು ಸಾಕಲಾರದು. ಲೆಕ್ಕಪತ್ರ ಮತ್ತು ಕಂಪ್ಯೂಟರ್ ಕೆಲಸ ಅವನಿಗೆ ತಿಳಿದಿದೆ ಎಂದು ಬರೆದಿದ್ದೀರಿ. ಖರೀದಿ, ಗೋದಾಮು, ಅಡಮಾನ ಸಾಲ ಇವನ್ನೆಲ್ಲ ಹೊತ್ತುಕೊಳ್ಳಲು ಸೊಸೈಟಿಗೆ ಅಂಥವನೊಬ್ಬ ಬೇಕೇ ಬೇಕು. ಅದನ್ನು ಊರಸೇವೆ ಎಂದು ಕರೆದು ಬರಿಗೈಯಲ್ಲಿ ದುಡಿಸಬೇಡಿ. ಹುದ್ದೆಗೆ ಬಹಿರಂಗವಾಗಿ ಅರ್ಜಿ ಕರೆಯಲಿ, ಅರ್ಹತೆ ಇದ್ದರೆ ಅವನಿಗೋ ಅವನಂಥ ಇನ್ನೊಬ್ಬರಿಗೋ ಸಿಗಲಿ, ಮದುವೆಯಾಗಿ ಮನೆ ನಡೆಸಲು ಸಾಲುವಷ್ಟು ಸಂಬಳ ಕೊಡಲಿ. ಅಷ್ಟು ಸಂಬಳ ಕೊಡಲು ಎಷ್ಟು ಕ್ವಿಂಟಲ್ ಮಾಲು ಸೊಸೈಟಿಯ ಮೂಲಕ ಹೋಗಬೇಕು ಎಂಬ ಲೆಕ್ಕವನ್ನು ಮುಂದಿನ ಸಭೆಯಲ್ಲಿ ಹಾಕಿ. ಆ ಲೆಕ್ಕದ ಹಾಳೆಯನ್ನು ನಮಗೂ ಕಳುಹಿಸಿ, ಹಾಗೆಯೇ ಅಚ್ಚು ಹಾಕುತ್ತೇವೆ. ಅದೇ ಪ್ರಶ್ನೆ ಹೊತ್ತ ಬೇರೆ ಊರಿನವರೂ ನಮ್ಮ ಓದುಗರಲ್ಲಿದ್ದಾರೆ.

ನಿಮ್ಮ,
ಸಂಪಾದಕ