ತಮ್ಮನಿಗೂ ಮಗನಿಗೂ ಎಸಿಎಲ್ ಕಟ್ ಆಗಿದೆ, ಮಗಳ ಕಬಡ್ಡಿ ಬಿಡಿಸಬೇಕಾ?

ನಿಮ್ಮ ತಮ್ಮನಿಗೂ ದೊಡ್ಡ ಮಗನಿಗೂ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್, ಅಂದರೆ ಗಟ್ಟಿ ಪಟ್ಟಿ) ಕಟ್ ಆಗಿದೆ, 14 ವರ್ಷದ ಮಗಳು ಶಾಲೆಯ ಕಬಡ್ಡಿ ತಂಡದಲ್ಲಿದ್ದಾಳೆ, ಜೀನ್ ಟೆಸ್ಟ್ ಮಾಡಿಸಿ ಆಟ ಬಿಡಿಸಬೇಕಾ ಅಂತ ಕೇಳಿದ್ದೀರಿ. ಆಟ ಬಿಡಿಸಬೇಡಿ ಅಮ್ಮ. ಟೆಸ್ಟಿಗೆ ದುಡ್ಡೂ ಸುರಿಯಬೇಡಿ. ಹಾಗಂತ ನಿಮ್ಮ ಭಯ ಸುಳ್ಳಲ್ಲ. ನಾನು ಫಿಸಿಯೋಥೆರಪಿಸ್ಟ್. ಮಂಡಿ ಆಪರೇಷನ್ ಆದ ಆಟಗಾರರ ಜೊತೆಗೇ ನನ್ನ ಕೆಲಸ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇದು ಮನೆತನದಲ್ಲಿ ಬರುವುದು ನಿಜ. ಎಸಿಎಲ್ ಹರಿದವರನ್ನೂ ಹರಿಯದವರನ್ನೂ ಹೋಲಿಸಿ 2005ರಲ್ಲಿ ಒಂದು ಅಧ್ಯಯನ ಬಂತು. ಹರಿದವರ ಸಂಬಂಧಿಕರಲ್ಲೂ ಅದೇ ಗಾಯ ಸುಮಾರು ಎರಡು ಪಟ್ಟು ಜಾಸ್ತಿ ಕಂಡಿತ್ತು. ಆಮೇಲೆ ಸ್ವೀಡನ್‌ನಲ್ಲಿ 88 ಸಾವಿರಕ್ಕೂ ಹೆಚ್ಚು ಅವಳಿಗಳ ಆಸ್ಪತ್ರೆ ದಾಖಲೆ ನೋಡಿದರು. ಅನುವಂಶೀಯತೆಯ ಪಾಲು ಸುಮಾರು ಶೇ. 69 ಅಂತ ಬಂತು.

ಈ 69 ನೋಡಿಯೇ ಜನ ಹೆದರುವುದು. ನಿಮ್ಮ ಮಗಳಿಗೆ ಗಾಯ ಆಗುವ ಸಾಧ್ಯತೆ ಶೇ. 69 ಅಂತ ಅದರ ಅರ್ಥ ಖಂಡಿತ ಅಲ್ಲ. ಆ ಅವಳಿಗಳಲ್ಲಿ ಬಹುಪಾಲು ಜನರಿಗೆ ಎಸಿಎಲ್ ಹರಿಯಲೇ ಇಲ್ಲ. ಒಂದು ಜನಸಮೂಹದಲ್ಲಿ ಕೆಲವರಿಗೆ ಹರಿಯುತ್ತದೆ, ಕೆಲವರಿಗೆ ಇಲ್ಲ. ಆ ವ್ಯತ್ಯಾಸದಲ್ಲಿ ಹುಟ್ಟಿನಿಂದ ಬಂದದ್ದು ಎಷ್ಟು ಅನ್ನುವ ಲೆಕ್ಕ ಅದು. ಒಬ್ಬ ಹುಡುಗಿಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಹಾಗಾದರೆ ಯಾವ ಜೀನ್? ಲಿಗಮೆಂಟ್ ಅಂದರೆ ಮುಖ್ಯವಾಗಿ ಕೊಲಾಜೆನ್ ಅನ್ನುವ ಪ್ರೋಟೀನಿನ ಎಳೆಗಳನ್ನು ಹುರಿ ಮಾಡಿದ ಹಗ್ಗ. ಆ ಕೊಲಾಜೆನ್ ತಯಾರಿಸುವ ಸಿಒಎಲ್1ಎ1, ಸಿಒಎಲ್5ಎ1 ಜೀನ್‌ಗಳ ಮೇಲೆ ಮೊದಲು ಕಣ್ಣು ಬಿತ್ತು. ದಕ್ಷಿಣ ಆಫ್ರಿಕಾದ ಸಂಶೋಧಕರು 2009ರಲ್ಲಿ ಸಿಒಎಲ್5ಎ1ನ ಒಂದು ರೂಪ ಎಸಿಎಲ್ ಹರಿದ ಹೆಂಗಸರಲ್ಲಿ ಕಡಿಮೆ ಇರುವುದನ್ನು ಕಂಡರು. ಅಂದರೆ ಅದು ಕಾಪಾಡುತ್ತಿರಬಹುದು. ಆದರೆ ಇವೆಲ್ಲ ಸಣ್ಣ ಗುಂಪುಗಳ ಅಧ್ಯಯನ. ದೊಡ್ಡ ಗುಂಪುಗಳಲ್ಲಿ ಇಡೀ ಜೀನೋಮ್, ಅಂದರೆ ಎಲ್ಲ ಜೀನ್‌ಗಳನ್ನೂ ಜಾಲಾಡಿದಾಗ ಈ ಫಲಿತಾಂಶಗಳು ಗಟ್ಟಿಯಾಗಿ ನಿಲ್ಲಲಿಲ್ಲ. ಹತ್ತಾರು ಜೀನ್‌ಗಳು ಒಂದೊಂದೂ ಚೂರು ಚೂರು ಪಾತ್ರ ವಹಿಸುತ್ತವೆ. ಅದನ್ನು ಒಂದು ರಿಪೋರ್ಟಿನಲ್ಲಿ ಓದಿ ಮಗುವಿನ ಆಟ ತೀರ್ಮಾನಿಸಲು ಆಗುವುದಿಲ್ಲ. 2015ರಲ್ಲಿ ಕ್ರೀಡಾ ವೈದ್ಯ ತಜ್ಞರ ಒಂದು ತಂಡ ಮಕ್ಕಳಿಗೆ ಇಂಥ ಟೆಸ್ಟ್ ಬೇಡ ಅಂತಲೇ ಹೇಳಿತು.

ನಿಜ ಹೇಳಬೇಕೆಂದರೆ, ಹುಟ್ಟಿನಿಂದ ಬಂದ ಒಂದಷ್ಟು ಸಂಗತಿ ಕಣ್ಣಿಗೇ ಕಾಣುತ್ತವೆ. ಮಗಳ ಹೆಬ್ಬೆರಳು ಬಗ್ಗಿಸಿದರೆ ಮುಂಗೈಗೆ ತಾಗುತ್ತದಾ? ಕಿರುಬೆರಳು ಹಿಂದಕ್ಕೆ 90 ಡಿಗ್ರಿ ದಾಟುತ್ತದಾ? ನೆಟ್ಟಗೆ ನಿಂತಾಗ ಮಂಡಿ ಹಿಂದಕ್ಕೆ ಬಾಗುತ್ತದಾ? ಇವೆಲ್ಲ ಇದ್ದರೆ ಕೀಲು ಸಡಿಲ, ಅಪಾಯವೂ ಸ್ವಲ್ಪ ಜಾಸ್ತಿ. ಮಂಡಿಯ ಕೆಳಗಿನ ಮೂಳೆಯ ಮೇಲ್ಭಾಗದ ಇಳಿಜಾರು, ಲಿಗಮೆಂಟ್ ಕೂರುವ ಜಾಗದ ಅಗಲ ಇವೂ ಲೆಕ್ಕಕ್ಕೆ ಬರುತ್ತವೆ, ಆದರೆ ಅವು ಎಕ್ಸ್‌ರೇ, ಎಂಆರ್‌ಐನಲ್ಲಿ ಕಾಣುವಂಥವು.

ಇನ್ನೊಂದು, ಹುಡುಗಿ ಅನ್ನುವುದೇ ಒಂದು ಕಾರಣ. ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ನಲ್ಲಿ ಹುಡುಗಿಯರಿಗೆ ಈ ಗಾಯ ಹುಡುಗರಿಗಿಂತ ಎರಡು-ಮೂರು ಪಟ್ಟು. ಕಬಡ್ಡಿಯಲ್ಲಂತೂ ಪಾದ ಮ್ಯಾಟಿಗೆ ಅಂಟಿಕೊಂಡಿರುವಾಗಲೇ ಮೈ ತಿರುಗುತ್ತದೆ, ಅದರ ಮೇಲೆ ಪಾದ ಹಿಡಿದು ಎಳೆಯುವವರು ಬೇರೆ.

ಆದರೆ ಬದಲಾಯಿಸಲು ಆಗುವುದೂ ಇದೆ. ಅವಳನ್ನು ಒಂದು ಮೆಟ್ಟಿಲ ಮೇಲಿಂದ ನೆಲಕ್ಕೆ ಹಾರಿಸಿ, ಎದುರಿನಿಂದ ಮೊಬೈಲಲ್ಲಿ ವಿಡಿಯೋ ಮಾಡಿ. ಇಳಿಯುವಾಗ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ಹತ್ತಿರ ಬಂದರೆ, ಅದನ್ನೇ ತಿದ್ದಬೇಕು. ಇಳಿಯುವ ರೀತಿ, ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ) ಮತ್ತು ಸೊಂಟದ ಸ್ನಾಯುಗಳ ಬಲ, ಒಂಟಿಕಾಲಿನ ಸಮತೋಲನ. ಫಿಫಾದ '11+' ವಾರ್ಮ್‌ಅಪ್‌ನಲ್ಲಿ ಇವೆಲ್ಲ ಇವೆ, 20 ನಿಮಿಷದ್ದು. ವಾರಕ್ಕೆ ಎರಡು-ಮೂರು ದಿನ, ತಪ್ಪದೆ. ಇಂಥ ತರಬೇತಿಯಿಂದ ಎಸಿಎಲ್ ಗಾಯ ಸುಮಾರು ಅರ್ಧಕ್ಕೆ ಇಳಿದಿರುವುದಕ್ಕೆ ಸಾಕಷ್ಟು ಆಧಾರ ಇದೆ. ಕೋಚ್ ಹತ್ತಿರ ಮಾತಾಡಿ, ಇಡೀ ತಂಡಕ್ಕೇ ಮಾಡಿಸಲಿ.

ಅಕಸ್ಮಾತ್ ಆಟದ ನಡುವೆ ಮಂಡಿಯಲ್ಲಿ 'ಟಪ್' ಅಂತ ಸದ್ದು ಬಂದು, ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ, ಎಣ್ಣೆ ಹಾಕಿ ತಿಕ್ಕಿಸಬೇಡಿ. ಆಟ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ತಮ್ಮನ, ಮಗನ ವಿಷಯವನ್ನೂ ಅವರಿಗೆ ಮರೆಯದೆ ಹೇಳಿ.