ಉಕ್ಕು ಪುಡಿಯಾಗುವುದನ್ನು ನೀವು ನೋಡಿದ್ದೀರಾ?

ಪ್ರಿಯ ಲೇಖಕರೇ,

ಯಂತ್ರ ವಿನ್ಯಾಸದಲ್ಲಿ ಉಕ್ಕಿನ ಬಲ ಮತ್ತು ಘರ್ಷಣೆ ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಚಿತ್ರಗಳು ಅಚ್ಚುಕಟ್ಟಾಗಿವೆ. ಆದರೆ ಎರಡನೇ ಪುಟದಲ್ಲಿ ನಾನು ಸಿಕ್ಕಿಹಾಕಿಕೊಂಡೆ.

‘ಮೈಲ್ಡ್ ಸ್ಟೀಲಿನ (ಸಾಮಾನ್ಯ ಮೆದು ಉಕ್ಕಿನ) ಕಂಪ್ರೆಸಿವ್ ಸ್ಟ್ರೆಂತ್ (ಒತ್ತಿದರೆ ತಾಳುವ ಬಲ) 250 ಮೆಗಾಪ್ಯಾಸ್ಕಲ್ (ಒತ್ತಡದ ಅಳತೆ). ಅದಕ್ಕಿಂತ ಜಾಸ್ತಿ ಒತ್ತಿದರೆ ಉಕ್ಕು ಪುಡಿಪುಡಿಯಾಗುತ್ತದೆ.’

ಪುಡಿಪುಡಿ! ಯಾವ ಉಕ್ಕು ಸ್ವಾಮಿ ಅದು? 250 ಅನ್ನುವುದು ಅದು ಮಣಿಯಲು, ಅಂದರೆ ಆಕಾರ ಕಾಯಂ ಆಗಿ ಬದಲಾಗಲು, ಶುರುಮಾಡುವ ಹಂತ. ಎಳೆದರೂ ಒತ್ತಿದರೂ ಹೆಚ್ಚುಕಮ್ಮಿ ಅಷ್ಟೇ. ಮಣಿಯುವುದು ಬೇರೆ, ಒಡೆಯುವುದು ಬೇರೆ.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಕಲಿಯುವ ದಿನಗಳಲ್ಲಿ ನಾನೂ ವರದಿಯಲ್ಲಿ ಹೀಗೇ ಗೀಚಿದ್ದೆ. ಮೇಷ್ಟ್ರು ಏನೂ ಹೇಳದೆ, ಹೆಬ್ಬೆರಳ ತುದಿಯಷ್ಟು ಉಕ್ಕಿನ ತುಂಡನ್ನು ಪ್ರೆಸ್ಸಿನಲ್ಲಿಟ್ಟು ‘ಒತ್ತು’ ಅಂದರು. ಒತ್ತಡ ತೋರಿಸುವ ಮುಳ್ಳು ಏರುತ್ತಲೇ ಹೋಯಿತು. ತುಂಡು ಗಿಡ್ಡವಾಯಿತು, ನಡು ಉಬ್ಬಿ ಪೀಪಾಯಿಯಂತಾಯಿತು. ಒಡೆಯಲೇ ಇಲ್ಲ. ಆಮೇಲೆ ಬೀಡು ಕಬ್ಬಿಣದ ತುಂಡು ಇಟ್ಟರು. ಅದು ಟಪ್ ಅಂತ ಓರೆಯಾಗಿ ಸೀಳಿತು. ‘ನಡು ಮಾತ್ರ ಯಾಕೆ ಉಬ್ಬಿತು?’ ಅಂತ ಕೇಳಿದರು. ನಾನು ತೆಪ್ಪಗಿದ್ದೆ. ಮೇಲೂ ಕೆಳಗೂ ಪ್ರೆಸ್ಸಿನ ತಟ್ಟೆಗಳ ಘರ್ಷಣೆ ತುಂಡಿನ ತುದಿಗಳನ್ನು ಹಿಡಿದುಕೊಂಡಿತ್ತು. ಗ್ರೀಸ್ ಸವರಿ ಒತ್ತಿದಾಗ ಉಬ್ಬು ಕಡಿಮೆಯಾಯಿತು. ಬಲ, ಘರ್ಷಣೆ ಎಂಬ ನಿಮ್ಮ ಎರಡು ವಿಷಯಗಳೂ ಆ ಒಂದು ತುಂಡಿನಲ್ಲೇ ಇವೆ, ನೋಡಿ.

ಮುಂದಿನ ಸಾಲು: ‘ಹೀಗಾಗಿ 20 ಮಿಲಿಮೀಟರ್ ದಪ್ಪದ ಸರಳು 8 ಟನ್ ಹೊರುತ್ತದೆ.’ ಎಷ್ಟು ಉದ್ದದ ಸರಳು? ಬೆರಳುದ್ದವಾದರೆ ಒಪ್ಪಿದೆ. ಒಂದು ಮೀಟರ್ ಉದ್ದವಿದ್ದು ಎರಡೂ ತುದಿ ತಿರುಗುವಂತಿದ್ದರೆ, ಸುಮಾರು 1.6 ಟನ್ನಿಗೇ ಬಿಲ್ಲಿನಂತೆ ಬಾಗುತ್ತದೆ. ಎರಡು ಮೀಟರ್ ಆದರೆ ಅದರ ಕಾಲು ಭಾಗ ಸಾಕು. ಗಣಿತಜ್ಞ ಆಯ್ಲರ್ 1744ರಲ್ಲೇ ಈ ಲೆಕ್ಕ ಕೊಟ್ಟಿದ್ದಾನೆ. ಆ ಲೆಕ್ಕದಲ್ಲಿ ನಿಮ್ಮ 250 ಬರುವುದೇ ಇಲ್ಲ. ದುಬಾರಿ ಗಟ್ಟಿ ಉಕ್ಕು ತಂದು ಹಾಕಿದರೂ ಆ ಉದ್ದದ ಸರಳು ಅಷ್ಟಕ್ಕೇ ಬಾಗುತ್ತದೆ.

‘ಘರ್ಷಣೆ ಯಂತ್ರದ ಶತ್ರು’ ಎಂಬ ಉಪಶೀರ್ಷಿಕೆಯನ್ನಂತೂ ಹೊಡೆದುಹಾಕಿದ್ದೇನೆ. ಬೋಲ್ಟು ಬಿಗಿಯುವಾಗ ನಾವು ಹಾಕುವ ತಿರುಚು ಬಲದ ಸುಮಾರು ಹತ್ತರಲ್ಲಿ ಒಂಬತ್ತು ಪಾಲನ್ನು ಘರ್ಷಣೆ ನುಂಗುತ್ತದೆ, ನಿಜ. ಆದರೆ ಬಿಗಿದ ನಟ್ಟು ತಾನಾಗಿ ಬಿಚ್ಚಿಕೊಳ್ಳದಂತೆ ಹಿಡಿದಿರುವುದೂ ಅದೇ ಅಲ್ವಾ? ಒಣ ಬೋಲ್ಟಿಗೆ ಹೇಳಿದ ತಿರುಚು ಬಲವನ್ನೇ ಎಣ್ಣೆ ಹಚ್ಚಿದ ಬೋಲ್ಟಿಗೂ ಕೊಟ್ಟು ನೋಡಿ. ಘರ್ಷಣೆ ನುಂಗುವ ಪಾಲು ಕಮ್ಮಿಯಾಗಿ, ಬೋಲ್ಟಿನ ಮೇಲಿನ ಎಳೆತ ಜಾಸ್ತಿಯಾಗಿ ಅದು ತುಂಡಾಗಲೂಬಹುದು. ನೀವು ಉಕ್ಕಿನ ಮೇಲೆ ಉಕ್ಕಿಗೆ ಘರ್ಷಣಾ ಗುಣಾಂಕ (ಒತ್ತುವ ಬಲಕ್ಕೆ ಹೋಲಿಸಿದರೆ ಘರ್ಷಣೆ ಎಷ್ಟು ಎಂಬ ಅಂಕಿ) 0.74 ಅಂತ ಒಂದೇ ಅಂಕಿ ಕೊಟ್ಟು ಸುಮ್ನಾಗಿದ್ದೀರಿ. ಒಣಗಿದ್ದಾಗಲೋ, ಎಣ್ಣೆ ಇದ್ದಾಗಲೋ?

ಲೇಖನ ವಾಪಸ್ ಕಳಿಸುತ್ತಿದ್ದೇನೆ. ಬರೆಯುವ ಮೊದಲು ಎಲ್ಲಾದರೂ ಒಂದು ಪ್ರೆಸ್ಸಿನ ಮುಂದೆ ನಿಂತು ಬನ್ನಿ. ಗೇರುಗಳ ಭಾಗ ನಾನಿನ್ನೂ ಓದಿಲ್ಲ. ಎರಡನೇ ಪುಟ ಸರಿಯಾದ ಮೇಲೆ ಓದುತ್ತೇನೆ.

ಇಂತಿ,
ಸಂಪಾದಕ